ಖಾಲಿ ಗೋಡೆಗೊಂದು ಸೆರಗು

ಹೋದ ಸಲ ಮಳೆಗಾಲದಲ್ಲಿ ಬಟ್ಟೆ ಒಣಗಿಸೋ ಪಾಡಿನ ಬಗ್ಗೆ ಬರೆದು, ಮುಂದಿನ ಸಲ ಬೀರುವಿನ ವಿಷಯ ಅಂತ ಹೇಳಿದ್ದೆ. ಬೀರು ಇನ್ನೊಂದು ದಿನಕ್ಕೆ ಇರಲಿ. ಈ ತಿಂಗಳು ನನ್ನನ್ನು ಒಂದು ಗೋಡೆ ಆಡಿಸಿಬಿಟ್ಟಿದೆ.

ಗೋಡೆ ನಮ್ಮದಲ್ಲ, ಕೊಪ್ಪದ ಚಿಕ್ಕಮ್ಮನದು. ಬೈಲಕುಪ್ಪೆಯಿಂದ ಕುಶಾಲನಗರಕ್ಕೆ ಹೋಗ್ತಾ ಕಾವೇರಿ ಸೇತುವೆ ಸಿಗುತ್ತಲ್ಲ, ಅದಕ್ಕೆ ಈಚೆ ಇರೋ ಊರು ಕೊಪ್ಪ. ಸೇತುವೆ ದಾಟಿದರೆ ಕೊಡಗು, ದಾಟದಿದ್ದರೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಯ್ತು. ಮಗ ಬೆಂಗಳೂರಲ್ಲಿ. ಮಂಡಿನೋವು ಇಟ್ಟುಕೊಂಡು ಚಿಕ್ಕಮ್ಮ ಒಬ್ಬಳೇ ಇರೋದು ಬೇಡ, ಮನೆ ಮಾರಿ ಮಗನ ಹತ್ತಿರ ಹೋಗೋದು ಅಂತ ತೀರ್ಮಾನ ಆಯ್ತು. ಚಿಕ್ಕಪ್ಪನ ಆಸ್ಪತ್ರೆ ಖರ್ಚಿಗೆ ಮಾಡಿದ ಸಾಲ ಇನ್ನೂ ಉಳಿದಿದೆ. ಮನೆ ಒಳ್ಳೆ ಬೆಲೆಗೆ ಹೋದರೆ ಸಾಲ ತೀರಿ ಚಿಕ್ಕಮ್ಮನ ಕೈಯಲ್ಲೂ ನಾಲ್ಕು ಕಾಸು ಉಳಿಯುತ್ತೆ. ಇಲ್ಲದಿದ್ದರೆ ಮಗ ಸೊಸೆ ಮನೆಯಲ್ಲಿ ಬರಿಗೈಲಿ ಕೂರಬೇಕು. ಬಾಯಿಬಿಟ್ಟು ಹೇಳದಿದ್ದರೂ ಅವಳ ಭಯ ಇದೇ.

ಮನೆ ನೋಡೋಕೆ ಬರೋರ ಕಣ್ಣಿಗೆ ಮನೆಯವರ ಫೋಟೋ ಬೀಳಬಾರದು, ತಮ್ಮದೇ ಮನೆ ಅಂತ ಅವರಿಗೆ ಅನ್ನಿಸಬೇಕು ಅಂತ ಮಗ ಯಾವುದೋ ವಿಡಿಯೋ ನೋಡಿಕೊಂಡು ಬಂದಿದ್ದ. ಅಮೆರಿಕದಲ್ಲಿ ಹೀಗೆ ಮಾರೋ ಮನೆಯನ್ನು ಸಿಂಗರಿಸಿ ಕೊಡೋದೇ ಒಂದು ಕಸುಬು, ಹೋಮ್ ಸ್ಟೇಜಿಂಗ್ ಅಂತಾರೆ. ಬಾಡಿಗೆಗೆ ಸೋಫಾ, ಚಿತ್ರಪಟ ಎಲ್ಲ ತಂದಿಟ್ಟು, ಮನೆ ಹೋದ ಮೇಲೆ ವಾಪಸ್ ತಗೊಂಡು ಹೋಗ್ತಾರೆ. ನಮ್ಮ ಹುಡುಗ ಅದರಲ್ಲಿ ಅರ್ಧ ಮಾತ್ರ ಮಾಡಿದ. ಒಂದು ಭಾನುವಾರ ಬಂದು ಹಾಲ್‌ನ ದೊಡ್ಡ ಗೋಡೆ ಮೇಲಿದ್ದ ಅಜ್ಜ, ಅಜ್ಜಿ, ಚಿಕ್ಕಪ್ಪ, ಮದುವೆ ಫೋಟೋ, ಸ್ಕೂಲ್ ಗ್ರೂಪ್ ಫೋಟೋ ಎಲ್ಲ ಇಳಿಸಿ ಹಳೇ ಚಾದರದಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸಿ ಬಸ್ ಹತ್ತಿದ. ಅದರ ಬದಲಿಗೆ ಏನು ಹಾಕಬೇಕು ಅನ್ನೋದು ಅವನ ವಿಡಿಯೋದಲ್ಲಿ ಇತ್ತೋ ಇಲ್ಲವೋ, ಗೋಡೆ ಮಾತ್ರ ಬೋಳಾಯ್ತು.

ಬೋಳು ಅಂದರೆ ಸುಮ್ಮನೆ ಬೋಳಲ್ಲ. ಹದಿನಾಲ್ಕು ಅಡಿ ಅಗಲ, ಹತ್ತು ಅಡಿ ಎತ್ತರದ ಗೋಡೆ. ಎಷ್ಟೋ ವರ್ಷದ ಹಿಂದೆ ಹೊಡೆದ ಬಣ್ಣ. ಫೋಟೋ ಇದ್ದ ಕಡೆ ಮಾತ್ರ ಬಣ್ಣ ಹೊಸದಾಗಿ ಉಳಿದು, ಸುತ್ತ ಹೊಗೆ ಧೂಳು ಹಿಡಿದು ಮಾಸಿದೆ. ಹಾಗಾಗಿ ಹನ್ನೊಂದು ಬಿಳಿ ಚೌಕ, ಚೌಕಕ್ಕೊಂದು ಮೊಳೆ. ಮೊದಲನೇ ಸಲ ಮನೆ ನೋಡೋಕೆ ಬಂದವರಲ್ಲಿ ಒಬ್ಬ ಹೆಂಗಸು ಬೇರೇನೂ ನೋಡದೆ ಆ ಗೋಡೆಯನ್ನೇ ನೋಡಿ, "ಇಲ್ಲಿ ಏನಾಗಿತ್ತು?" ಅಂತ ಕೇಳಿದರಂತೆ. ಫೋಟೋ ತೆಗೆದಿದ್ದು ಚಿಕ್ಕಪ್ಪ ನೆನಪಾಗದಿರಲಿ ಅಂತ, ಚೌಕಗಳು ನೆನಪಿಸಿದ್ದು ಅದನ್ನೇ. ಬಂದವರು ಕಾಫಿ ಕುಡಿದು ಹೋದರು, ಫೋನ್ ಬರಲಿಲ್ಲ. ಎರಡನೇ ಪಾರ್ಟಿ ಕೇಳಿದ್ದು ನಾವು ಅಂದುಕೊಂಡಿದ್ದಕ್ಕಿಂತ ಎರಡು ಲಕ್ಷ ಕಮ್ಮಿಗೆ, "ಮನೆ ಹಳೇದಾಯ್ತಲ್ಲ" ಅಂತ.

"ಬಾ ಕಣವ್ವ, ಈ ಗೋಡೆಗೆ ಏನಾದ್ರೂ ದಾರಿ ತೋರ್ಸು" ಅಂತ ಚಿಕ್ಕಮ್ಮ ಫೋನ್ ಮಾಡಿದಳು. ಆಷಾಢ ನಡೀತಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಅಡ್ವಾನ್ಸ್ ಕೊಡೋಲ್ಲ, ಶ್ರಾವಣ ಬರಲಿ ಅಂತಾರೆ. ಅಂದರೆ ನನಗೆ ಮೂರು ವಾರ ಟೈಮು. ದುಡ್ಡು ಎಷ್ಟು ಅಂತ ಕೇಳಿದೆ. "ಸಾವಿರದ ಒಳಗೆ ಮುಗಿಸು" ಅಂದಳು.

ಮೊದಲು ನಾನು ಮಾಡಿದ ದಡ್ಡತನ ಹೇಳಿಬಿಡ್ತೀನಿ. ಮೈಸೂರಿಗೆ ಹೋದಾಗ ಮುನ್ನೂರೈವತ್ತು ರೂಪಾಯಿ ಕೊಟ್ಟು ಅಂಟಿಸೋ ಸ್ಟಿಕರ್ ತಂದೆ, ಒಂದು ಮರ, ಮರದ ತುಂಬ ಹಕ್ಕಿ. ಇಬ್ಬರು ಸೇರಿ ಮಧ್ಯಾಹ್ನವೆಲ್ಲ ಅಂಟಿಸಿದ್ವಿ. ಜಡಿಮಳೆ ಹಿಡಿದಿತ್ತು. ಮೂರನೇ ದಿನ ಹಕ್ಕಿಗಳು ಒಂದೊಂದೇ ನೆಲಕ್ಕೆ ಇಳಿದವು, ಬರುವಾಗ ಬಣ್ಣದ ಹಕ್ಕಳೆಯನ್ನೂ ಕಿತ್ತುಕೊಂಡು ಬಂದವು. ಹಳೇ ಡಿಸ್ಟೆಂಪರ್ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತೆ. ಪುಡಿಯ ಮೇಲೆ ಯಾವ ಅಂಟು ನಿಂತೀತು? ಕೊಳ್ಳೋ ಮುಂಚೆ ಗೋಡೆ ಮೇಲೆ ಅಂಗೈ ಒರೆಸಿ ನೋಡಿಕೊಳ್ಳಿ. ಕೈ ಬೆಳ್ಳಗಾದರೆ ಸ್ಟಿಕರ್, ವಾಲ್‌ಪೇಪರ್ ಎರಡೂ ದಂಡ.

ಆಮೇಲೆ ಪಕ್ಕದ ಮನೆಯವರ ಸಲಹೆ: "ಗೋಲ್ಡನ್ ಟೆಂಪಲ್ ಎದುರು ಅಂಗಡೀಲಿ ಟಿಬೆಟ್‌ನೋರ ಪಟ ಸಿಗುತ್ತಲ್ಲ, ಒಂದು ದೊಡ್ಡದು ತಂದು ನೇತಾಕಿ. ಬಣ್ಣದ ಬಾವುಟಾನೂ ಕಟ್ಟಿ. ಜೋರಾಗಿರುತ್ತೆ." ಈ ಸಲಹೆ ಕೇಳಿ ನನಗೂ ಆಸೆ ಆಯ್ತು. ಬೈಲಕುಪ್ಪೆಯ ದೇವಸ್ಥಾನ ನೋಡಿದವರಿಗೆ ಗೊತ್ತು, ಒಳಗೆ ಹೋದರೆ ಖಾಲಿ ಗೋಡೆ ಅನ್ನೋದೇ ಕಣ್ಣಿಗೆ ಬೀಳೋಲ್ಲ. ನೋಡಿ ಮನೆಗೆ ಬಂದ ಮೇಲೆ ನಮ್ಮ ಸುಣ್ಣದ ಗೋಡೆ ಇನ್ನೂ ಬಡವಾಗಿ ಕಾಣುತ್ತೆ.

ಕ್ಯಾಂಪ್‌ನಲ್ಲಿ ನನಗೆ ಪರಿಚಯದ ಒಬ್ಬರು ಅಮಾಲಾ ಇದ್ದಾರೆ. ಅಮಾಲಾ ಅಂದರೆ ಅವರ ಭಾಷೆಯಲ್ಲಿ ಅಮ್ಮನೋರು ಅಂತ. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರೋಕೆ ಹೋಗಿ ಬಂದು ಮಾಡಿದವರು. ಅವರ ಕನ್ನಡ ನನ್ನ ಕನ್ನಡಕ್ಕಿಂತ ಚುರುಕು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟ್‌ನಿಂದ ಬಂದವರಿಗೆ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಾಗ ಬಂದ ಮೊದಮೊದಲ ಕುಟುಂಬಗಳಲ್ಲಿ ಅವರದೂ ಒಂದು. ಪಟದ ವಿಷಯ ಕೇಳೋಕೆ ಅವರ ಮನೆಗೇ ಹೋದೆ. ಅವರು ನಕ್ಕರು, ಆದರೆ ಮಾತು ಖಡಕ್ಕಾಗಿತ್ತು. "ತಂಗಿ, ನಿಮ್ಮ ದೇವರಮನೆ ಫೋಟೋನ ಮನೆ ಮಾರೋಕೆ ಅಂತ ಹಾಲ್‌ಗೆ ತಂದು ಹಾಕ್ತೀರಾ? ಇದೂ ಹಂಗೇ."

ತಂಗ್ಕಾ ಅನ್ನೋದು ಪೂಜೆಯ ಪಟ. ನನಗೆ ಅದು ಬಣ್ಣದ ಬಟ್ಟೆಯಾಗಿ ಮಾತ್ರ ಕಂಡಿತ್ತು. ಬಾವುಟಗಳೂ ಹಾಗೇ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಅಂದರೆ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಅದರ ಮೇಲೆ ಮಂತ್ರ ಅಚ್ಚಾಗಿರುತ್ತೆ, ಗಾಳಿ ಬೀಸಿದರೆ ಆ ಪ್ರಾರ್ಥನೆ ಎಲ್ಲರಿಗೂ ಹರಡಲಿ ಅಂತ ಬಯಲಲ್ಲಿ ಕಟ್ಟೋದು. ಫ್ಯಾನ್ ಕೆಳಗೆ ಕಟ್ಟಿದರೆ ಏನು ಬಂತು? ನಾಚಿಕೆ ಆಯ್ತು ನನಗೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ತಿಳಿದುಕೊಂಡಿರಲಿಲ್ಲ.

ಆದರೆ ಬರಿಗೈಲಿ ವಾಪಸ್ ಬರಲಿಲ್ಲ. ಅವರ ದೇವರ ಕೋಣೆಯ ತಂಗ್ಕಾ ಹೇಗೆ ನೇತುಹಾಕಿದ್ದಾರೆ ಅಂತ ಹತ್ತಿರದಿಂದ ನೋಡಿದೆ. ಚಿತ್ರ ಬರೆದ ಹತ್ತಿ ಬಟ್ಟೆ, ಅದರ ಸುತ್ತ ಜರತಾರಿ ಬಟ್ಟೆಯ ಅಂಚು ಹೊಲಿದಿದೆ. ಮೇಲೊಂದು ಕೋಲು, ಕೆಳಗೊಂದು ಕೋಲು. ಮೇಲಿನದು ನೇತುಹಾಕೋಕೆ, ಕೆಳಗಿನದು ಭಾರಕ್ಕೆ, ಬಟ್ಟೆ ಸುಕ್ಕಾಗದೆ ನೆಟ್ಟಗೆ ಇಳಿಬೀಳೋಕೆ. ಚೌಕಟ್ಟಿಲ್ಲ, ಗಾಜಿಲ್ಲ. ಊರಿಂದೂರಿಗೆ ಹೋಗಬೇಕಾದರೆ ಕೆಳಗಿನಿಂದ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ದೊಡ್ಡ ಗೋಡೆಗೆ ದೊಡ್ಡ ವಸ್ತು ಬೇಕು, ಆದರೆ ದೊಡ್ಡ ವಸ್ತು ಅಂದರೆ ದೊಡ್ಡ ಫ್ರೇಮು, ದೊಡ್ಡ ಗಾಜು, ದೊಡ್ಡ ಬಿಲ್ಲು ಅಂತ ನಾನು ಒದ್ದಾಡ್ತಿದ್ದೆ. ಕಟ್ಟು ಹಾಕಿಸೋ ಅಂಗಡೀಲಿ ನಾಲ್ಕಡಿ ಪಟಕ್ಕೆ ಹೇಳಿದ ರೇಟು ಕೇಳಿ ಎದ್ದು ಬಂದಿದ್ದೆ. ಎರಡು ಕೋಲು, ಒಂದು ಬಟ್ಟೆ ಇದ್ದರೆ ಸಾಕು ಅಂತ ಅವತ್ತು ಗೊತ್ತಾಯ್ತು.

ಬಟ್ಟೆ ಯಾವುದು? ಚಿಕ್ಕಮ್ಮ ಬೀರು ತೆಗೆದು ಅಡಿಯಿಂದ ಒಂದು ಪಂಚೆಯ ಗಂಟು ಎಳೆದಳು. ಅವಳ ಧಾರೆ ಸೀರೆ. ಗಿಳಿಹಸಿರು ಮೈ, ಕುಂಕುಮ ಬಣ್ಣದ ಅಂಚು, ಅಂಗೈ ಅಗಲದ ಜರಿ. ಮಡಿಸಿದ ಕಡೆಯೆಲ್ಲ ಗೆರೆಗೆರೆಯಾಗಿ ಸೀಳಿಹೋಗಿತ್ತು. ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಆಗೋದೇ ಹೀಗೆ, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು ಅಂತ ಈ ಅಂಕಣದಲ್ಲೇ ಬರೆದಿದ್ದೆ, ನಮ್ಮ ಚಿಕ್ಕಮ್ಮನೇ ಓದಿಲ್ಲ. ಸೆರಗಿನ ಕಡೆ ಎಂಟು ಅಡಿ ಮಾತ್ರ ಹೆಚ್ಚುಕಮ್ಮಿ ಚೆನ್ನಾಗಿತ್ತು. "ಉಡೋಕಾಗಲ್ಲ, ಎಸೆಯೋಕೂ ಆಗಲ್ಲ. ಪಾತ್ರೆ ಮಾರೋನಿಗೆ ಕೊಡೋಕೆ ಮನಸ್ಸು ಬರಲಿಲ್ಲ" ಅಂದಳು. ಕತ್ತರಿ ನಾನು ಹಿಡಿದೆ, ಕೈ ನಡುಗಿತು. ಅವಳೇ ಇಸ್ಕೊಂಡು ಒಂದೇ ಉಸಿರಲ್ಲಿ ಕತ್ತರಿಸಿದಳು.

ಇನ್ನು ಕೆಲಸದ ವಿಷಯ. ಮೊದಲು ಗೋಡೆ. ಚೌಕಗಳಿಗೆ ಮಾತ್ರ ಬಣ್ಣ ಮುಟ್ಟಿಸಿ ಮುಗಿಸೋಣ ಅಂತ ಯೋಚಿಸಬೇಡಿ. ಅದೇ ಡಬ್ಬಿಯ ಬಣ್ಣ ಸಿಕ್ಕರೂ ಹಳೇದರ ಜೊತೆ ಕೂಡೋಲ್ಲ, ತೇಪೆ ಹಾಕಿದ ಅಂಗಿಯ ಹಾಗೆ ಕಾಣುತ್ತೆ. ಇಡೀ ಮನೆ ಬೇಡ, ಆ ಒಂದು ಗೋಡೆ ಪೂರ್ತಿ ಹೊಡೆಯಿರಿ. ಮೊಳೆ ಕಿತ್ತು, ತೂತಿಗೆ ಪುಟ್ಟಿ ಮೆತ್ತಿ, ಉಜ್ಜೋ ಕಾಗದದಲ್ಲಿ ಪುಡಿ ಏಳೋದೆಲ್ಲ ಉಜ್ಜಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೆನೆ ಬಣ್ಣದ ಡಿಸ್ಟೆಂಪರ್ ಎರಡು ಕೋಟು. ಐದು ಕೆಜಿ ಡಬ್ಬಿಯಲ್ಲಿ ಇನ್ನೂ ಉಳಿಯಿತು. ಹೊಡೆದಿದ್ದು ನಾನು ಮತ್ತು ನನ್ನ ಮಗಳು. ಸೀಲಿಂಗ್ ಅಂಚು ಸ್ವಲ್ಪ ವಂಕವಾಗಿದೆ, ಯಾರೂ ತಲೆ ಎತ್ತಿ ನೋಡಲಿಲ್ಲ.

ಸೀರೆಯನ್ನು ಉದ್ದಕ್ಕೆ ಇಳಿಬಿಡಲಿಲ್ಲ, ಅಡ್ಡ ಹಾಕಿದೆ. ಎಂಟು ಅಡಿ ಅಗಲ, ಸೀರೆಯ ಪನ್ನಾನೇ ಎತ್ತರ, ಅಂದರೆ ಮೂರು ಮುಕ್ಕಾಲು ಅಡಿ. ಮೇಲೂ ಕೆಳಗೂ ಅಂಚು ಓಡುತ್ತೆ, ಬಲಕ್ಕೆ ಸೆರಗು ಬರುತ್ತೆ. ಹಳೇ ರೇಷ್ಮೆ ತನ್ನ ಭಾರ ತಾನೇ ತಡೆಯೋಲ್ಲ, ಅದಕ್ಕೆ ಹಿಂದೆ ಒಂದು ಹಳೇ ಬೆಡ್‌ಶೀಟ್ ಕೊಟ್ಟು ದೊಡ್ಡ ದೊಡ್ಡ ಹೊಲಿಗೆ ಹಾಕಿದ್ವಿ. ಕೋಲು ತೂರಿಸೋ ನೆರಿಗೆ ಹೊಲಿದಿದ್ದು ಬೆಡ್‌ಶೀಟ್‌ಗೆ, ಸೀರೆಗಲ್ಲ. ಕೋಲು ಅಂದೆನಲ್ಲ, ಅದು ಎಲೆಕ್ಟ್ರಿಕ್ ವೈರಿಂಗ್‌ನ ಪ್ಲಾಸ್ಟಿಕ್ ಪೈಪು. ಹಾರ್ಡ್‌ವೇರ್ ಅಂಗಡೀಲಿ ಹತ್ತಡಿ ಉದ್ದದ್ದು ಎಂಬತ್ತು ರೂಪಾಯಿ. ಮೇಲಿನದು ನಡುವೆ ಬಾಗದಿರಲಿ ಅಂತ ಎರಡು ಮೊಳೆ ಬದಲು ಮೂರು ಮೊಳೆ. ಕೆಳಗಿನ ಪೈಪಿಗೆ ಒಣ ಮರಳು ತುಂಬಿ ಎರಡೂ ಬಾಯಿಗೆ ಬಟ್ಟೆ ತುರುಕಿದೆ. ಫ್ಯಾನ್ ಹಾಕಿದರೂ ಅಲ್ಲಾಡೋಲ್ಲ. ನಿಮ್ಮದು ಸಣ್ಣ ಬಟ್ಟೆಯಾದರೆ ಪೈಪೂ ಬೇಡ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯೋರ ಬ್ಯಾರನ್ ಹಿಂದೆ ಸೊಪ್ಪು ಕಟ್ಟಿ ಇಳಿಬಿಡೋ ಹಳೇ ಕಡ್ಡಿಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡ್ತಾರೆ.

ಎಷ್ಟು ಎತ್ತರಕ್ಕೆ ಹಾಕೋದು ಅನ್ನೋದರಲ್ಲಿ ನಾವೆಲ್ಲ ಎಡವೋದು. ನಮ್ಮ ಮನೆಗಳಲ್ಲಿ ಫೋಟೋಗಳು ಬಾಗಿಲ ಚೌಕಟ್ಟಿಗಿಂತ ಮೇಲೆ, ಮುಂದಕ್ಕೆ ಬಾಗಿ ನಮ್ಮನ್ನು ನೋಡ್ತಿರುತ್ತವೆ. ಹಿರಿಯರು ತಾನೇ, ಮೇಲಿರಲಿ ಅನ್ನೋ ಮರ್ಯಾದೆ ಅದು, ತಪ್ಪಲ್ಲ. ಆದರೆ ಗೋಡೆಯ ಅಲಂಕಾರಕ್ಕೆ ಆ ಲೆಕ್ಕ ನಡೆಯೋಲ್ಲ. ಚಿತ್ರ ಪ್ರದರ್ಶನ ಮಾಡೋ ಕಡೆ ಪಟದ ಮಧ್ಯಭಾಗ ನೆಲದಿಂದ ಸುಮಾರು 57 ಇಂಚಿಗೆ ಬರೋ ಹಾಗೆ ಹಾಕ್ತಾರೆ, ಅಂದರೆ ನಾಲ್ಕು ಮುಕ್ಕಾಲು ಅಡಿ, ನಿಂತವರ ಕಣ್ಣಿನ ಮಟ್ಟ. ನಾವೂ ಹಾಗೇ ಮಾಡಿದ್ವಿ. ಮೊಳೆ ಹೊಡೆಯೋ ಮುಂಚೆ ದಿನಪತ್ರಿಕೆ ಹಾಳೆಗಳನ್ನು ಅದೇ ಅಳತೆಗೆ ಅಂಟಿಸಿ ಗೋಡೆಗೆ ಹಚ್ಚಿ, ಬಾಗಿಲ ಹತ್ತಿರ ನಿಂತು ನೋಡಿ. ಮನೆ ನೋಡೋಕೆ ಬರೋರು ಮೊದಲು ನಿಲ್ಲೋದು ಅಲ್ಲೇ. ನಾನು ಎರಡು ಸಲ ಇಳಿಸಿದೆ. ಕೆಳಗೆ ದಿವಾನ್ ಎಳೆದು ಹಾಕಿದ ಮೇಲೆ ಗೋಡೆಗೂ ನೆಲಕ್ಕೂ ಒಂದು ನಂಟು ಬಂತು.

ಲೆಕ್ಕ ಕೇಳೋರಿಗೆ: ಡಿಸ್ಟೆಂಪರ್ 480, ಬ್ರಷ್, ಪುಟ್ಟಿ, ಉಜ್ಜೋ ಕಾಗದ 110, ಪೈಪು ಎರಡಕ್ಕೆ 160, ಮೊಳೆ ಹುಕ್ಕು 40. ಒಟ್ಟು 790 ರೂಪಾಯಿ. ಸ್ಟಿಕರ್‌ನ ಮುನ್ನೂರೈವತ್ತು ನನ್ನ ಲೆಕ್ಕಕ್ಕೆ.

ಎಲ್ಲರ ಮನೆಯಲ್ಲೂ ಇಂಥ ಸೀರೆ ಇರಬೇಕಂತಿಲ್ಲ. ಕೌದಿ ಇದ್ದರೆ ಅದಕ್ಕಿಂತ ಚೆಂದದ್ದು ಬೇಡ. ಜಮಖಾನ ಆದೀತು. ಬಟ್ಟೆ ಬೇಡ ಅನ್ನೋರಿಗೆ ಹಳೇ ಮನೆಗಳ ಉಪಾಯ ಹೇಳ್ತೀನಿ: ನೆಲದಿಂದ ಮೂರಡಿವರೆಗೆ ಕೆಮ್ಮಣ್ಣಿನ ಬಣ್ಣದ ಪಟ್ಟೆ, ಮೇಲೆ ಸುಣ್ಣದ ಬಿಳಿ. ನಮ್ಮನೆ ಮೆಟ್ಟಿಲ ಪಕ್ಕದ ಗೋಡೆಗೆ ಹೋದ ವರ್ಷ ಹೀಗೇ ಮಾಡಿದೆ. ಎತ್ತರದ ಗೋಡೆ ಎರಡಾಗಿ ಒಡೆದು ಕಣ್ಣಿಗೆ ಹಗುರ ಆಗುತ್ತೆ, ಮಕ್ಕಳ ಕೈ ಕೊಳೆ, ಒರಗಿದ ಎಣ್ಣೆ ತಲೆ ಕಲೆ ಯಾವುದೂ ಕಾಣೋಲ್ಲ. ಸಾಗರ, ಸಿರಸಿ ಕಡೆ ದೀವರ ಹೆಣ್ಣುಮಕ್ಕಳು ಇದೇ ಕೆಂಪು ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೀತಾರೆ. ಮದುವೆ ಮನೆಯಲ್ಲಿ ಗಂಡು ಹೆಣ್ಣನ್ನು ಕೂರಿಸೋದು ಆ ಗೋಡೆಯ ಮುಂದೆ. ಅವರು ಎಳೆಯೋ ನೇರ ಗೆರೆ ನಮ್ಮ ಕೈಯಲ್ಲಿ ಬರೋದು ಸುಲಭವಲ್ಲ, ಆದರೆ ರಂಗೋಲಿ ಕೈ ಇದ್ದವರು ಪಟ್ಟೆಯ ಮೇಲಂಚಿಗೆ ಒಂದು ಎಳೆ ಬಿಳಿ ಎಳೆದರೂ ಸಾಕು. ಗೋಡೆ ತುಂಬ ಬರೆಸೋದು ಟಿಪ್ಪುವಿಗೆ ಸರಿ, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಪೊಳ್ಳಿಲೂರು ಯುದ್ಧವನ್ನೇ ಬರೆಸಿದ. ಮಾರೋ ಮನೆಗೆ ಅಷ್ಟು ಬೇಡ. ಕನ್ನಡಿ ಹಾಕೋದಾದರೆ ಕಿಟಕಿಯ ಎದುರು ಹಾಕಿ, ಬಂದವರು ವಾಸ್ತು ಮಾತಾಡಿದರೆ ವಾದ ಮಾಡಬೇಡಿ. ಮತ್ತೆ ಕ್ಯಾಲೆಂಡರ್! ಚಿಕ್ಕಮ್ಮನ ಮನೆಯಲ್ಲಿ ಸೊಸೈಟಿಯದು, ಗೊಬ್ಬರದ ಅಂಗಡಿಯದು, ಚಿನ್ನದ ಅಂಗಡಿಯದು ಸೇರಿ ಆರಿದ್ದವು, ಅದರಲ್ಲಿ ಎರಡು ಹೋದ ವರ್ಷದವು. ಒಂದು ಬಿಟ್ಟು ಉಳಿದದ್ದೆಲ್ಲ ಇಳಿಸಿದೆ.

ಫೋಟೋಗಳ ಗಂಟನ್ನು ಅಟ್ಟದಿಂದ ಇಳಿಸಿದ್ದು ಮಾತ್ರ ಮಗನಿಗೆ ಹಿಡಿಸಲಿಲ್ಲ. ಎಲ್ಲ ಹನ್ನೊಂದೂ ಬೇಡ ಅಂತ ನಾನೂ ಒಪ್ಪಿದೆ. ಆದರೆ ಚಿಕ್ಕಪ್ಪನ ಫೋಟೋ ಮತ್ತು ಅವರ ಮದುವೆ ಫೋಟೋ ಎರಡನ್ನು ಊಟದ ಕೋಣೆಯಲ್ಲಿ ಹಾಕಿದೆ. ಆ ಮನೆಯಲ್ಲಿ ಚಿಕ್ಕಮ್ಮ ಇನ್ನೂ ಇದ್ದಾಳೆ. ಬೆಳಿಗ್ಗೆ ಎದ್ದು ಊದುಬತ್ತಿ ಹಚ್ಚಬೇಕಾದರೆ ಅಟ್ಟ ಹತ್ತಬೇಕಾ?

ಜಗಳ ಆಗಿದ್ದು ಅದಕ್ಕಲ್ಲ. ಆ ಗೋಡೆಯ ಎಡ ಮೂಲೆಯಲ್ಲಿ, ನೆಲದಿಂದ ಎರಡಡಿವರೆಗೆ, ಹೊಸ ಬಣ್ಣ ಹೊಡೆದ ಐದೇ ದಿನಕ್ಕೆ ಗುಳ್ಳೆ ಎದ್ದಿತು. ಮಳೆಗಾಲದ ಶೀತ ಅಂದುಕೊಂಡಿದ್ವಿ. ಇದಕ್ಕೊಂದು ಪರೀಕ್ಷೆ ಇದೆ: ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಗೆ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಒಳಗೆ, ಗೋಡೆ ಕಡೆಗೆ ಹನಿಗಟ್ಟಿದರೆ ನೀರು ಗೋಡೆಯೊಳಗಿಂದ ಬರ್ತಿದೆ. ನಮ್ಮದು ಒಳಗೆ ಹನಿಗಟ್ಟಿತು. ಗೋಡೆಯ ಹಿಂದೆ ಬಚ್ಚಲು ಮನೆ, ಯಾವುದೋ ಪೈಪು ಜಿನುಗುತ್ತಿದೆ.

ಮಗನಿಗೆ ಫೋನ್‌ನಲ್ಲಿ ಹೇಳಿದೆ. "ಅಕ್ಕ, ಸೀರೆನ ಸ್ವಲ್ಪ ಎಡಕ್ಕೆ ಸರಿಸಿ ಕೆಳಗೆ ಇಳಿಸು. ಇಲ್ಲಾಂದ್ರೆ ಮೂಲೆಗೆ ಒಂದು ದೊಡ್ಡ ಹೂಕುಂಡ ಇಡು. ಅಡ್ವಾನ್ಸ್ ಆಗಲಿ, ಆಮೇಲೆ ನೋಡೋಣ" ಅಂದ. ಅವನೂ ಕೆಟ್ಟವನಲ್ಲ, ಸಾಲದ ಕಂತು ಕಟ್ಟೋನು ಅವನೇ. ನಾನು ಎರಡು ದಿನ ಸುಮ್ಮನಿದ್ದೆ. ಒಪ್ಪಿಬಿಡೋಣ ಅಂತಲೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ಯಜಮಾನರು ಹೇಳಿದ ಮೇಲೆ ಕಾನೂನು ಗೊತ್ತಾಯ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳೋರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಮಾರೋರಿಗೆ ಗೊತ್ತಿದ್ದರೆ ಅದನ್ನು ಹೇಳಲೇಬೇಕು. ಚಿಕ್ಕಮ್ಮನಿಗೆ ಸೆಕ್ಷನ್ ಬೇಕಾಗಲಿಲ್ಲ. "ನನ್ನ ಧಾರೆ ಸೀರೆ ಕಣವ್ವ ಅದು. ಅದರ ಹಿಂದೆ ಬೂಷ್ಟು ಮುಚ್ಚಿಡೋಕೆ ಕೊಡಲಿಲ್ಲ ನಾನು" ಅಂದಳು. ಮೂಲೆ ಹಾಗೇ ಬಿಟ್ವಿ.

ಶ್ರಾವಣದ ಎರಡನೇ ವಾರ ಪಿರಿಯಾಪಟ್ಟಣದಿಂದ ಗಂಡ ಹೆಂಡತಿ ಬಂದರು. ಇಬ್ಬರೂ ಕೆಲಸದಿಂದ ನಿವೃತ್ತರು. ಬಾಗಿಲಲ್ಲಿ ನಿಂತ ಹೆಂಗಸು ಗೋಡೆ ನೋಡಿ ಚಪ್ಪಲಿ ಬಿಚ್ಚೋದನ್ನೇ ಮರೆತರು. ಸೀದಾ ಹೋಗಿ ಸೆರಗಿನ ಹತ್ತಿರ ನಿಂತು, ಮುಟ್ಟಲೋ ಬೇಡವೋ ಅಂತ ಕೈ ಹಿಂದೆ ಕಟ್ಟಿಕೊಂಡರು. ಆಮೇಲೆ ಇಡೀ ಮನೆ ನಿಧಾನವಾಗಿ ನೋಡಿದರು. ಹಿತ್ತಲಿನ ಕರಿಬೇವು, ನೀರಿನ ತೊಟ್ಟಿ, ಅಟ್ಟ, ಎಲ್ಲ. ಕೊನೆಗೆ ಚಿಕ್ಕಮ್ಮನೇ ಅವರನ್ನು ಎಡ ಮೂಲೆಗೆ ಕರೆದುಕೊಂಡು ಹೋಗಿ, "ಇಲ್ಲಿ ನೀರು ಜಿನುಗ್ತದೆ, ಪೈಪು ಒಡೆದು ನೋಡಬೇಕು" ಅಂದಳು. ಗಂಡಸು ಬಗ್ಗಿ ಬೆರಳಲ್ಲಿ ಗುಳ್ಳೆ ಒತ್ತಿ ನೋಡಿದರು. ನನ್ನ ಎದೆ ಹೊಡ್ಕೊಳ್ತಿತ್ತು.

ರಿಪೇರಿಗೆ ಅಂತ ನಲವತ್ತು ಸಾವಿರ ಇಳಿಸಿದರು. ಉಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಹಿಂದಿನ ಪಾರ್ಟಿ ಎರಡು ಲಕ್ಷ ಇಳಿಸಿ ಕೇಳಿತ್ತು ಅನ್ನೋದು ನೆನಪಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಸೀರೆಯಿಂದಲೇ ಆಯ್ತು ಅಂತ ನಾನು ಹೇಳೋಲ್ಲ, ಅವರಿಗೆ ಕೊಪ್ಪದಲ್ಲೇ ಮನೆ ಬೇಕಿತ್ತು. ಆದರೆ ಗೋಡೆ ಅವರನ್ನು ಬಾಗಿಲಿಂದ ಒಳಗೆ ಕರೀತು, ಅಷ್ಟು ಸತ್ಯ.

ಅಡ್ವಾನ್ಸ್ ಕೊಟ್ಟು ಏಳುವಾಗ ಆ ಹೆಂಗಸು, "ಅಮ್ಮ, ಅದನ್ನ ಅಲ್ಲೇ ಬಿಟ್ಟು ಹೋಗ್ತೀರಾ? ಬೇಕಾದ್ರೆ ಅದಕ್ಕೂ ಏನಾದ್ರೂ ಕೊಡ್ತೀವಿ" ಅಂತ ಸಂಕೋಚದಿಂದ ಕೇಳಿದರು.

"ಮನೆ ಕೊಟ್ಟಿದ್ದೀನಲ್ಲಮ್ಮ, ಸೆರಗು ನನಗಿರಲಿ" ಅಂದಳು ಚಿಕ್ಕಮ್ಮ.

ಮೊನ್ನೆ ಅವಳನ್ನು ಬೆಂಗಳೂರಿನ ಬಸ್ ಹತ್ತಿಸಿ ಬಂದೆ. ಪೈಪು ಬಸ್ಸಿಗೆ ಹಿಡಿಸೋಲ್ಲ ಅಂತ ಎಳೆದುಹಾಕಿ, ಸೀರೆಯನ್ನು ಮಡಿಸದೆ ಕೆಳಗಿನಿಂದ ಸುತ್ತಿ, ಹಳೇ ಪಂಚೆಯಲ್ಲಿ ಕಟ್ಟಿ ಕಂಕುಳಿಗೆ ಕೊಟ್ಟೆ. ಮಗನ ಫ್ಲಾಟ್‌ನಲ್ಲಿ ಅಷ್ಟು ದೊಡ್ಡ ಗೋಡೆ ಇದೆಯೋ ಇಲ್ಲವೋ, ಅಳತೆ ಕಳಿಸು ಅಂತ ಹೇಳಿದ್ದೀನಿ. ಪೈಪುಗಳು ನಮ್ಮನೆ ಹಿತ್ತಲಲ್ಲಿವೆ, ಒಂದರಲ್ಲಿ ಇನ್ನೂ ಮರಳಿದೆ.